ಹ್ಯಾಂಡಲ್ ಅಲುಗಾಟದ ತಾಂತ್ರಿಕ ಸಮಿತಿ

ದ್ವಾರಕಾನಾಥರು ಗಂಟೆಗೆ ನೂರ ನಲವತ್ತು ಕಿಲೋಮೀಟರ್ ವೇಗದಲ್ಲಿ ಬೈಕ್ ಓಡಿಸುತ್ತಾರೆ ಎಂಬ ಸುದ್ದಿ ಹುಟ್ಟಿದ್ದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ. ಅದು ಹುಟ್ಟಿದಾಗ ಅಲ್ಲಿ ಅವರಿದ್ದರು, ಎರಡನೇ ಮಹಡಿಯ ಅನುಸೂಯಮ್ಮ ಇದ್ದರು, ನಾನಿದ್ದೆ. ಆದ್ದರಿಂದ ಮುಂದೆ ನಡೆದದ್ದಕ್ಕೆಲ್ಲ ನಾನು ಪ್ರತ್ಯಕ್ಷ ಸಾಕ್ಷಿ. ಸಾಕ್ಷಿಯಲ್ಲ, ಪಾಲುದಾರ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದನ್ನು ಕೊನೆಯಲ್ಲಿ ನೀವೇ ತೀರ್ಮಾನಿಸಿ.

ಮೊದಲು ನನ್ನ ವಿಷಯ ಹೇಳಿ ಮುಗಿಸುತ್ತೇನೆ. ನಾನು ಮುರಿಗೆಪ್ಪ, ಗದಗಿನ ಕಡೆಯವನು, ವಿದ್ಯುತ್ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಜಾಲಹಳ್ಳಿಯ ಈ ಅಪಾರ್ಟ್‌ಮೆಂಟಿಗೆ ಬಂದು ನಾಲ್ಕು ವರ್ಷವಾಯಿತು. ಹೆಂಡತಿ ಲಕ್ಷ್ಮವ್ವ ನಮ್ಮ ಮಗಳು ಉಮಾಶ್ರೀಯ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದಳು. ಇಲ್ಲಿ ಇಪ್ಪತ್ತನಾಲ್ಕು ಮನೆಗಳಿವೆ, ಇಪ್ಪತ್ತನಾಲ್ಕು ಬಾಗಿಲುಗಳೂ ಮುಚ್ಚಿಕೊಂಡಿರುತ್ತವೆ. ವಾರದ ಆರು ದಿನ ಹಾಲು, ಪೇಪರು, ಬ್ಯಾಂಕು, ಬಿಪಿ ಮಾತ್ರೆ ಎಂದು ಹೇಗೋ ಕಳೆಯುತ್ತದೆ. ಭಾನುವಾರ ಮಾತ್ರ ಕಳೆಯುವುದಿಲ್ಲ. ಅಂದು ಎಲ್ಲರ ಮನೆಯಲ್ಲೂ ಎಲ್ಲರೂ ಇರುತ್ತಾರೆ. ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ, ಮೇಲಿನ ಮನೆಯಲ್ಲಿ ನಗುತ್ತಾರೆ, ನಾನು ಅವಲಕ್ಕಿ ತಟ್ಟೆ ಹಿಡಿದು ಅದನ್ನೆಲ್ಲ ಕೇಳುತ್ತಾ ಕೂತಿರುತ್ತೇನೆ. ಇದನ್ನು ದೂರು ಎಂದು ತಿಳಿಯಬೇಡಿ, ಮಾಹಿತಿ ಅಷ್ಟೆ.

ಇನ್ನು ದ್ವಾರಕಾನಾಥರು. ವಯಸ್ಸು ಅರವತ್ತೊಂದು. ಇಲ್ಲಿಯ ಒಂದು ಸರ್ಕಾರಿ ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದವರು. ಗುಂಡುಸೂಜಿಯಿಂದ ಹಿಡಿದು ಕ್ರೇನಿನವರೆಗೆ ಯಾವುದನ್ನೂ ಮೂರು ಕೊಟೇಶನ್ ಇಲ್ಲದೆ ಕೊಂಡವರಲ್ಲ. ಮದುವೆಯಾಗಲಿಲ್ಲ. ಅದಕ್ಕೆ ಅವರ ಅಕ್ಕ ಸೀತಮ್ಮ ಕೊಡುವ ಕಾರಣ ಹೀಗಿದೆ: "ಮೂರು ಕಡೆಯಿಂದ ಜಾತಕ ಬಂದಿತ್ತು ಕಣ್ರೀ. ಮೂರನ್ನೂ ಪಕ್ಕಪಕ್ಕ ಇಟ್ಕೊಂಡು ಪಟ್ಟಿ ಮಾಡ್ತಾ ಕೂತ. ಇವನ ಪಟ್ಟಿ ಮುಗಿಯೋ ಹೊತ್ತಿಗೆ ಆ ಮೂರು ಹುಡುಗೀರಿಗೂ ಮಕ್ಕಳಾಗಿದ್ವು."

ಇಂಥವರ ಹತ್ತಿರ ಬೆಂಕಿಯಂಥ ಕೆಂಪು ಸ್ಪೋರ್ಟ್ಸ್ ಬೈಕ್ ಬಂದದ್ದೂ ಅದೇ ಅಭ್ಯಾಸದಿಂದ. ನಾಲ್ಕನೇ ಮಹಡಿಯಲ್ಲಿದ್ದ ಶ್ರೀಕಾಂತ್ ಎಂಬ ತರುಣ ಮನೆ ಖಾಲಿ ಮಾಡಿ ಸರ್ಜಾಪುರಕ್ಕೆ ಹೊರಟಿದ್ದ. ಪಾರ್ಕಿಂಗಿನಲ್ಲಿ ಸಿಕ್ಕವನನ್ನು ದ್ವಾರಕಾನಾಥರು, ಕಂಡದ್ದಕ್ಕೆಲ್ಲ ರೇಟು ಕೇಳುವಂತೆ, ಇದಕ್ಕೆಷ್ಟು ಎಂದು ಕೇಳಿದರು. ಅವನು ಸಂಜೆ ಕೀ ಹಿಡಿದುಕೊಂಡು ಬಾಗಿಲಿಗೆ ಬಂದ. ಆರು ತಿಂಗಳಿಂದ ಯಾರೂ ಗಂಟೆ ಒತ್ತದ ಬಾಗಿಲಿಗೆ ಒಬ್ಬ ಬಂದು ನಿಂತಾಗ ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬದುಕಿನಲ್ಲಿ ಅವರು ಒಂದೇ ಕೊಟೇಶನ್ ಮೇಲೆ ಕೊಂಡ ವಸ್ತು ಅದೊಂದೇ.

ಆ ಬೈಕಿನ ಮೇಲೆ ಮುಂದಕ್ಕೆ ಬಾಗಿ, ಹೆಚ್ಚುಕಡಿಮೆ ಮಲಗಿ ಕೂರಬೇಕು. ಅವರ ಬೆನ್ನು ಅದಕ್ಕೆ ಒಪ್ಪುತ್ತಿರಲಿಲ್ಲ. ನೆಟ್ಟಗೆ ಕೂತು, ಎರಡೂ ಕೈ ಚಾಚಿ, ವಾರಕ್ಕೆರಡು ಸಲ ತರಕಾರಿ ಅಂಗಡಿಗೆ ಹೋಗಿ ಬರುತ್ತಿದ್ದರು. ಹೀಗಿರುವಾಗ ಆ ದಿನ ಲಿಫ್ಟಿನಲ್ಲಿ ಅನುಸೂಯಮ್ಮ ಸುಮ್ಮನೆ ಕೇಳಿದರು. "ಬೈಕ್ ಹೇಗಿದೆ ದ್ವಾರಕಾನಾಥ್?"

ಚೆನ್ನಾಗಿದೆ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಬಹುಶಃ ಅದಕ್ಕೇ ಅವರು ಹಾಗೆ ಹೇಳಲಿಲ್ಲ.

"ಪರವಾಗಿಲ್ಲ ಮೇಡಂ. ನೂರ ನಲವತ್ತು ದಾಟಿದ್ರೆ ಹ್ಯಾಂಡಲ್ ಸ್ವಲ್ಪ ಅಲ್ಲಾಡತ್ತೆ. ಒಂದು ಸ್ಟೀರಿಂಗ್ ಡ್ಯಾಂಪರ್ ಹಾಕಿಸ್ಬೇಕು."

ಎರಡನೇ ಮಹಡಿ ಬಂತು, ಬಾಗಿಲು ತೆರೆಯಿತು. ಅನುಸೂಯಮ್ಮ ಇಳಿಯಲಿಲ್ಲ. ಅವರು ಅದೇ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು, ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು.

"ಸ್ಪೆಸಿಫಿಕೇಶನ್ ಏನು?" ಎಂದರು.

ದ್ವಾರಕಾನಾಥರ ಮುಖ ಅರಳಿತು. ಲಿಫ್ಟು ಮೇಲಕ್ಕೂ ಕೆಳಕ್ಕೂ ಎರಡು ಸಲ ಓಡಾಡಿತು. ಅದು ಮೂರನೇ ಸಲ ನೆಲಮಹಡಿಗೆ ಬರುವಷ್ಟರಲ್ಲಿ ಒಂದು ತಾಂತ್ರಿಕ ಸಮಿತಿ ರಚನೆಯಾಗಿತ್ತು. ದ್ವಾರಕಾನಾಥರು ಸಂಚಾಲಕರು, ಅನುಸೂಯಮ್ಮ ಕಾರ್ಯದರ್ಶಿ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ತಪ್ಪಿಗೆ ನಾನು ಸದಸ್ಯ.

"ನನಗ ಬೈಕ್ ಬಗ್ಗೆ ಏನೂ ಗೊತ್ತಿಲ್ರಿ" ಎಂದೆ.

"ಒಳ್ಳೇದೇ ಆಯ್ತು. ಸಮಿತೀಲಿ ಒಬ್ರು ನಿಷ್ಪಕ್ಷಪಾತಿ ಇರ್ಬೇಕು" ಎಂದರು ದ್ವಾರಕಾನಾಥರು.

ಮೊದಲ ಸಭೆ ಭಾನುವಾರ ಒಂಬತ್ತಕ್ಕೆ, ಪಾರ್ಕಿಂಗಿನಲ್ಲಿ, ಬೈಕಿನ ಪಕ್ಕ, ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಡೆಯಿತು. ನಾಲ್ಕನೆಯದು ಎದುರುಗಡೆಯ ಗ್ಯಾರೇಜಿನ ಚಿಕ್ಕಬೈರಪ್ಪನಿಗೆ. ಆತನ ಮನೆಮಂದಿಯೆಲ್ಲ ಮಾಗಡಿ ಕಡೆಯ ಊರಿನಲ್ಲಿ, ಆತ ಇಲ್ಲಿ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ. ಭಾನುವಾರ ಅಂಗಡಿಗೆ ರಜ. ಆತನನ್ನು ತಾಂತ್ರಿಕ ಸಲಹೆಗಾರ ಎಂದು ನೇಮಿಸಿ, ಕೇಳಿದಾಗ ಮಾತ್ರ ಸಲಹೆ ಕೊಡಬೇಕೆಂದು ಸೂಚಿಸಲಾಯಿತು.

ಡ್ಯಾಂಪರ್ ಎಂದರೇನೆಂದು ಅಂದು ತಿಳಿಯಿತು. ಆಫೀಸುಗಳಲ್ಲಿ ಬಾಗಿಲು ದಡಾರನೆ ಬಡಿಯದಂತೆ ಮೇಲುಗಡೆ ಎಣ್ಣೆ ತುಂಬಿದ ಕೊಳವೆಯೊಂದನ್ನು ಹಾಕಿರುತ್ತಾರಲ್ಲ, ಅದರ ತಮ್ಮ ಇದು. ಒಂದು ತುದಿ ಹ್ಯಾಂಡಲಿನ ಕಡೆಗೆ, ಇನ್ನೊಂದು ಬೈಕಿನ ಚೌಕಟ್ಟಿಗೆ. ವೇಗದಲ್ಲಿ ಹೋಗುವಾಗ ಹ್ಯಾಂಡಲ್ ಗಡಗಡ ನಡುಗದಂತೆ ಹಿಡಿದಿಡುತ್ತದೆ. ಬಿಗಿ ಎಷ್ಟಿರಬೇಕೆಂದು ಸಣ್ಣ ತಿರುಗಣೆಯಿಂದ ಹೊಂದಿಸಿಕೊಳ್ಳಬಹುದು. ಕಂಪನಿಯಿಂದ ಬೈಕಿನ ಜೊತೆ ಬರುವುದಿಲ್ಲ, ಬೇಕಾದವರು ಬೇರೆಯಾಗಿ ತಂದು ಹಾಕಿಸಿಕೊಳ್ಳಬೇಕು.

ಸಭೆಗೆ ಏಳು ಐಟಮ್‌ಗಳ ಕಾರ್ಯಸೂಚಿ ಸಿದ್ಧವಾಗಿತ್ತು. ಅವಶ್ಯಕತೆಯ ನಿರೂಪಣೆ, ನಮೂನೆಗಳ ಅಧ್ಯಯನ, ಕೊಟೇಶನ್ ಆಹ್ವಾನ, ತುಲನಾತ್ಮಕ ಪಟ್ಟಿ, ಹೀಗೆ ಸಾಗಿ ಏಳನೆಯದು ವಾಹನ ಪರಿಶೀಲನೆ. ಚಿಕ್ಕಬೈರಪ್ಪ ಎದ್ದು ಬೈಕಿನ ಮುಂದಿನ ಚಕ್ರದ ಕಡೆ ಕೈ ಚಾಚಿದ.

"ಏ, ಏ, ಮುಟ್ಬೇಡಪ್ಪ. ಅದು ಏಳನೇ ಐಟಮ್" ಎಂದರು ದ್ವಾರಕಾನಾಥರು.

ಆತ ಕೈ ಹಿಂದಕ್ಕೆ ತೆಗೆದುಕೊಂಡು ಕೂತ.

ಮೂರು ಕೊಟೇಶನ್ ಬಂದವು. ಒಂದು ಉದ್ದನೆಯ ಕೊಳವೆಯದು, ಒಂದು ಹ್ಯಾಂಡಲಿನ ಮೇಲೇ ಕೂರುವ ದುಂಡಗಿನದು, ಮೂರನೆಯದು ಹೆಸರಿಲ್ಲದ ಕಂಪನಿಯ ನಕಲು. ತುಲನಾತ್ಮಕ ಪಟ್ಟಿ ಹಾಕಲು ಕೂತಾಗ ಅನುಸೂಯಮ್ಮ ಕನ್ನಡಕ ತೆಗೆದರು.

"ಇವು ಮೂರೂ ಬೇರೆ ಬೇರೆ ಜಾತಿ. ಒಂದೇ ಜಾತಿಯವು ಮೂರು ಇದ್ರೆ ತಾನೇ ತುಲನೆ? ರೂಲ್ ಪ್ರಕಾರ ರೀ-ಟೆಂಡರ್."

"ಕರೆಕ್ಟ್" ಎಂದರು ದ್ವಾರಕಾನಾಥರು, ಕಾಫಿ ಸಿಕ್ಕವರಷ್ಟು ಸಮಾಧಾನದಿಂದ. ರೀ-ಟೆಂಡರ್ ಆಯಿತು. ಈ ಸಲ ಮೂರೂ ಕೊಳವೆಯವೇ, ಆದರೆ ಒಂದನ್ನು ಬೈಕಿಗೆ ಬಿಗಿಯುವ ಕಬ್ಬಿಣದ ಪಟ್ಟಿ ಬೇರೆ ಮಾಡೆಲಿನದು. ಮತ್ತೆ ರೀ-ಟೆಂಡರ್.

ಪ್ರತಿ ಭಾನುವಾರ ಅನುಸೂಯಮ್ಮ ಒಂದು ಡಬ್ಬಿ ಉಪ್ಪಿಟ್ಟು ತರುತ್ತಿದ್ದರು, ಚಿಕ್ಕಬೈರಪ್ಪ ಫ್ಲಾಸ್ಕಿನಲ್ಲಿ ಟೀ. ನನ್ನ ಭಾನುವಾರಗಳು ಹಾಳಾಗುತ್ತಿವೆ ಎಂದು ನಾನು ಪ್ರತಿ ಸಭೆಯಲ್ಲೂ ಪ್ರತಿಭಟನೆ ದಾಖಲಿಸಿದ್ದೇನೆ. ಹಾಗೆಯೇ ಪ್ರತಿ ಸಭೆಗೂ ಹತ್ತು ನಿಮಿಷ ಮೊದಲೇ ಹಾಜರಾಗಿದ್ದೇನೆ. ಎರಡೂ ನಡಾವಳಿ ಪುಸ್ತಕದಲ್ಲಿವೆ.

ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಡ್ಯಾಂಪರ್ ಮಾರುವ ಕಂಪನಿಯ ಭಾವನಾ ಎಂಬ ಹುಡುಗಿ ಎಲೆಕ್ಟ್ರಾನಿಕ್ ಸಿಟಿಯಿಂದ ಫೋನ್ ಮಾಡಿ, ಸಾರ್ ಡಿಸೈಡ್ ಮಾಡಿದ್ರಾ ಎಂದು ಕೇಳುತ್ತಿದ್ದಳು. ಆ ಫೋನಿಗೆ ದ್ವಾರಕಾನಾಥರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಸಮಿತಿಯ ಪರಿಶೀಲನೆಯಲ್ಲಿದೆ ಎಂದು ಇಪ್ಪತ್ತು ನಿಮಿಷ ವಿವರಿಸುತ್ತಿದ್ದರು. ಡ್ಯಾಂಪರ್ ಆರಿಸಿಬಿಟ್ಟರೆ ಈ ಫೋನೂ ಇರುವುದಿಲ್ಲ, ಸಭೆಯೂ ಇರುವುದಿಲ್ಲ. ಇದನ್ನು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನಾಲ್ಕನೇ ಐಟಮ್ ದಾಟಲು ಯಾರಿಗೂ ಅವಸರವಿರಲಿಲ್ಲ.

ದಿನಾ ಸಂಜೆ ಏಳಕ್ಕೆ ಹುಬ್ಬಳ್ಳಿಯಿಂದ ಲಕ್ಷ್ಮವ್ವನ ಫೋನ್ ಬರುತ್ತಿತ್ತು.

"ಏನ್ರಿ, ಮುಗೀತೇನ್ರಿ ನಿಮ್ಮ ಸಮಿತಿ?"

"ರೀ-ಟೆಂಡರ್ ಆಗೇದ."

"ಒಂದ್ ಸ್ಕ್ರೂ ತರಾಕ ನಾಲ್ಕ್ ಮಂದಿ ಎರಡ್ ತಿಂಗಳಾತು ಕುಂತೀರಿ. ಉಪ್ಪಿಟ್ಟಿಗೆ ಮೆಣಸಿನಕಾಯಿ ಜಾಸ್ತಿ ಹಾಕಿದ್ರ ತಿನಬ್ಯಾಡ್ರಿ, ಹೊಟ್ಟಿ ಕೆಡತೈತಿ."

ಇತ್ತ ನೂರ ನಲವತ್ತರ ಸುದ್ದಿ ಕಾಲು ಬಂದು ಓಡಾಡತೊಡಗಿತ್ತು. ಒಂದನೇ ಮಹಡಿಯಲ್ಲಿ ಅದು ನೂರ ಅರವತ್ತಾಯಿತು, ಮೂರನೆಯದರಲ್ಲಿ ನೂರ ಎಂಬತ್ತು. ದ್ವಾರಕಾನಾಥರು ಬೆಳಿಗ್ಗೆ ಐದಕ್ಕೆ ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲಿ ಪಂದ್ಯಕ್ಕೆ ಹೋಗುವುದನ್ನು ಕಣ್ಣಾರೆ ಕಂಡವರು ಮೂವರು ಸಿಕ್ಕರು. ಆ ಹೊತ್ತಿನಲ್ಲಿ ಅವರು ಮೂತ್ರದ ತೊಂದರೆಗೆ ಎದ್ದು ಮತ್ತೆ ಮಲಗುತ್ತಾರೆಂದು ನನಗೆ ಗೊತ್ತಿತ್ತು. ಆದರೆ ನಾನು ನಿಷ್ಪಕ್ಷಪಾತಿ, ಸುಮ್ಮನಿದ್ದೆ.

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಗೋಪಾಲಪ್ಪನವರು ರಬ್ಬರ್ ಸ್ಟ್ಯಾಂಪನ್ನು ಸದಾ ಜೇಬಿನಲ್ಲಿಟ್ಟುಕೊಂಡಿರುವ ಮನುಷ್ಯ. ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟಿತು. ಹಿರಿಯ ನಾಗರಿಕರು ಆವರಣದಲ್ಲಿ ರೇಸಿಂಗ್‌ಗೆ ಸಂಬಂಧಿಸಿದ ಸಭೆ, ತಯಾರಿ ಅಥವಾ ಅಭ್ಯಾಸ ನಡೆಸಬಾರದು, ಬರುವ ಭಾನುವಾರದೊಳಗೆ ವಿಷಯ ಇತ್ಯರ್ಥಪಡಿಸತಕ್ಕದ್ದು. ಕೆಳಗೆ ಎರಡು ಸ್ಟ್ಯಾಂಪು.

ನೋಟಿಸಿನ ಫೋಟೊ ಯಾರೋ ಕಳಿಸಿ, ಅದು ರಾಜಾಜಿನಗರದಲ್ಲಿದ್ದ ಸೀತಮ್ಮನವರಿಗೆ ತಲುಪಿತು. ಭಾನುವಾರ ಬೆಳಿಗ್ಗೆ ಅವರು ನಿಂಬೆಹಣ್ಣು, ತೆಂಗಿನಕಾಯಿ ಸಮೇತ ಆಟೋದಲ್ಲಿ ಇಳಿದರು.

"ಮದುವೆ ಮಾಡ್ಕೋ ಅಂದ್ರೆ ಯೋಚ್ನೆ ಮಾಡ್ತೀನಿ ಅಂದೆ. ಸಾಯೋಕೆ ಮಾತ್ರ ಯೋಚ್ನೆ ಬೇಡ್ವೇನೋ ನಿಂಗೆ?"

"ಅಕ್ಕ, ಅದು ಟೆಕ್ನಿಕಲ್ ವಿಷಯ. ನಿಂಗೆ ಅರ್ಥ ಆಗಲ್ಲ."

"ನೂರ ಎಂಬತ್ತು ಅಂತೆ. ಏನು ಅರ್ಥ ಆಗ್ಬೇಕು ಅದ್ರಲ್ಲಿ?"

ಗೋಪಾಲಪ್ಪನವರು ಮುಂದೆ ಬಂದರು. "ಅಮ್ಮ, ಒಂದ್ಸಲ ನಮ್ಮೆದುರಿಗೆ ಓಡಿಸಿ ತೋರಿಸ್ಲಿ. ಎಷ್ಟು ಸ್ಪೀಡು ಅಂತ ನಾನು ಫೋನಲ್ಲಿ ಟೈಮ್ ಹಿಡಿದು ರೆಕಾರ್ಡ್ ಮಾಡ್ತೀನಿ. ಆಮೇಲೆ ಆಕ್ಷನ್ ತಗೊಳ್ಳೋಣ."

ಹೀಗೆ ಅಂದು ಒಂಬತ್ತು ಗಂಟೆಗೆ ಗೇಟಿನ ಹತ್ತಿರ ಇಡೀ ಅಪಾರ್ಟ್‌ಮೆಂಟ್ ನೆರೆಯಿತು. ಇಪ್ಪತ್ತನಾಲ್ಕು ಬಾಗಿಲುಗಳೂ ಒಟ್ಟಿಗೆ ತೆರೆದದ್ದನ್ನು ನಾನು ಮೊದಲ ಸಲ ನೋಡಿದೆ. ಸೀತಮ್ಮ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಕಣ್ಣೊರೆಸಿಕೊಂಡರು. ದ್ವಾರಕಾನಾಥರು ಹೆಲ್ಮೆಟ್ ಹಾಕಿಕೊಂಡು, ನೆಟ್ಟಗೆ ಕೂತು, ಬೈಕ್ ಚಾಲೂ ಮಾಡಿದರು. ಶ್ರೀಕಾಂತ್ ಹಾಕಿಸಿದ್ದ ಸೈಲೆನ್ಸರ್ ಬೀದಿಯ ಕಿಟಕಿಗಳನ್ನೆಲ್ಲ ನಡುಗಿಸಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು.

ಬೈಕ್ ಗೇಟು ದಾಟಿ ನಡೆಯುವ ವೇಗದಲ್ಲಿ ಹೊರಟಿತು.

ಸ್ವಲ್ಪ ದೂರದಲ್ಲಿ ಸೊಪ್ಪಿನ ಸಿದ್ದಕ್ಕ ತಳ್ಳುಗಾಡಿ ನಿಲ್ಲಿಸಿ, ಶಬ್ದ ಕೇಳಿ ದಾರಿ ಬಿಟ್ಟು ನಿಂತಳು. ನಿಂತು ಕಾದಳು. ಬೈಕ್ ಬರಲಿಲ್ಲ.

"ಓಗಿ ಸಾಮಿ, ನಾ ನಿಂತೀವ್ನಿ" ಎಂದು ಕೂಗಿದಳು.

"ಪರವಾಗಿಲ್ಲಮ್ಮ, ನೀವೇ ಹೋಗಿ" ಎಂದರು ದ್ವಾರಕಾನಾಥರು ಹೆಲ್ಮೆಟಿನ ಒಳಗಿಂದ.

ಸಿದ್ದಕ್ಕ ಗಾಡಿ ತಳ್ಳಿಕೊಂಡು ಮುಂದೆ ಹೋದಳು. ಬೀದಿಯ ಕೊನೆಯವರೆಗೂ ಅವಳೇ ಮುಂದಿದ್ದಳು.

ಹಿಂತಿರುಗಿ ಬಂದಾಗ ಗೋಪಾಲಪ್ಪನವರು ಒಮ್ಮೆ ಫೋನನ್ನೂ ಒಮ್ಮೆ ದ್ವಾರಕಾನಾಥರನ್ನೂ ನೋಡಿದರು. "ಸಾರ್, ಗಂಟೆಗೆ ನಾಲ್ಕು ಕಿಲೋಮೀಟರ್ ಬರ್ತಿದೆ. ಇದಕ್ಕೆ ಯಾವ ಆಕ್ಷನ್ ತಗೊಳ್ಳೋದು?"

"ಇದು ಟ್ರಯಲ್ ರನ್" ಎಂದರು ದ್ವಾರಕಾನಾಥರು. ಅವರ ಕಿವಿ ಕೆಂಪಾಗಿತ್ತು. "ಆದ್ರೆ ಹ್ಯಾಂಡಲ್ ಅಲ್ಲಾಡೋದು ನಿಜ. ಬೇಕಾದ್ರೆ ಸಲಹೆಗಾರರು ನೋಡ್ಲಿ."

ಕೇಳಿದಾಗ ಮಾತ್ರ ಸಲಹೆ ಕೊಡಬೇಕಾದ ಚಿಕ್ಕಬೈರಪ್ಪ ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಯಿತು.

"ಗಾಳಿ ಇಲ್ಲ ಸಾ. ಅಷ್ಟೆಯ."

ಗ್ಯಾರೇಜಿನಿಂದ ಪಂಪು ತಂದ, ಮೀಟರ್ ನೋಡಿ ಗಾಳಿ ತುಂಬಿದ. ದ್ವಾರಕಾನಾಥರು ಇನ್ನೊಂದು ಸುತ್ತು ಹೋಗಿ ಬಂದರು. ಹ್ಯಾಂಡಲ್ ಕಲ್ಲಿನ ಹಾಗೆ ನಿಂತಿತ್ತು.

"ಮೊದಲ ಯಾಕ ಹೇಳಲಿಲ್ಲೋ ಮಾರಾಯ?" ಎಂದೆ ನಾನು.

"ಮೊದ್ಲೇ ಮುಟ್ಟಕ್ ಓದೆ ಸಾ. ಏಳ್ನೇ ಐಟಮ್ ಅಂದ್ರಲ್ಲ. ಅಲ್ದೆ ಆ ಡ್ಯಾಂಪರ್ ಆಕುದ್ರೆ ಹ್ಯಾಂಡ್ಲು ಬಿಗಿಯಾಗಿ ತರ್ಕಾರಿ ಅಂಗ್ಡಿ ಮುಂದೆ ತಿರುಗ್ಸಕ್ಕೆ ಇಬ್ರು ಬೇಕಾಯ್ತದೆ. ಅದ್ನೂ ಯಾರೂ ಕೇಳ್ನಿಲ್ಲ."

ಜನ ನಗುತ್ತಾ ಚದುರಿದರು. ಇಪ್ಪತ್ತನಾಲ್ಕು ಬಾಗಿಲುಗಳೂ ಮುಚ್ಚಿಕೊಂಡವು. ಸೀತಮ್ಮ ತಮ್ಮನ ಜೀವ ಉಳಿದ ಸಂತೋಷಕ್ಕೆ ಚಿಕ್ಕಬೈರಪ್ಪನ ಕೈಗೆ ಅರ್ಧ ಕಾಯಿ ಕೊಟ್ಟು ಆಟೋ ಹತ್ತಿದರು. ನಾವು ನಾಲ್ವರು ಕುರ್ಚಿಗಳ ಹತ್ತಿರ ಬಂದು, ಕೂರದೆ ನಿಂತೆವು. ಅನುಸೂಯಮ್ಮ ನಡಾವಳಿ ಪುಸ್ತಕದಲ್ಲಿ "ಪ್ರಕರಣ ಮುಕ್ತಾಯ" ಎಂದು ಬರೆದು, ತಪ್ಪಿಲ್ಲದಿದ್ದರೂ ಅದನ್ನು ಎರಡು ಸಲ ಓದಿಕೊಂಡರು. ಉಪ್ಪಿಟ್ಟಿನ ಡಬ್ಬಿ ತೆರೆಯಲೇ ಇಲ್ಲ.

ಗುರುವಾರ ಭಾವನಾ ಫೋನ್ ಮಾಡಿದಳು. "ಬೇಡಮ್ಮ, ಟೈರಲ್ಲಿ ಗಾಳಿ ಇರ್ಲಿಲ್ಲ ಅಷ್ಟೆ" ಎಂದರಂತೆ ದ್ವಾರಕಾನಾಥರು. ಅವಳು ಓಕೆ ಸಾರ್ ಎಂದು ಇಟ್ಟಳಂತೆ. ಆಮೇಲಿನ ಭಾನುವಾರ ನಾನು ಒಂಬತ್ತಕ್ಕೆ ಅವಲಕ್ಕಿ ತಟ್ಟೆ ಹಿಡಿದು ಕೂತೆ. ಪಕ್ಕದ ಮನೆಯ ಕುಕ್ಕರ್ ಏಳು ಸಲ ಕೂಗಿತು. ಪಾರ್ಕಿಂಗಿನಲ್ಲಿ ಯಾರೂ ಇರಲಿಲ್ಲ. ಇದ್ದರೇನೋ ಎಂದು ನಾಲ್ಕು ಸಲ ಇಳಿದು ನೋಡಿ ಬಂದದ್ದರಿಂದ ಇದನ್ನು ಖಚಿತವಾಗಿ ಹೇಳುತ್ತೇನೆ. ಅಷ್ಟು ದೊಡ್ಡ ಭಾನುವಾರವನ್ನು ನಾನು ಸರ್ವಿಸಿನಲ್ಲೂ ಕಂಡಿರಲಿಲ್ಲ. ಬೇಸರವಾಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅದರ ಮುಂದಿನ ಶನಿವಾರ ಸಂಜೆ ಐದು ಗಂಟೆಗೆ ನಾನು ಪಾರ್ಕಿಂಗಿಗೆ ಇಳಿದೆ. ಮೂವತ್ತು ವರ್ಷ ಸರ್ಕಾರಿ ಸೇವೆಯಲ್ಲಿ ಒಂದು ಫ್ಯೂಸನ್ನೂ ಅಕ್ರಮವಾಗಿ ತೆಗೆದವನಲ್ಲ. ಆದರೂ ಅಂದು ಕೆಂಪು ಬೈಕಿನ ಮುಂದೆ ಮೊಣಕಾಲೂರಿ ಕೂತು, ಮನೆಯ ಕೀಲಿಯಿಂದ ಟೈರಿನ ವಾಲ್ವ್ ಒತ್ತಿದೆ. ಸುಯ್ ಎಂದಿತು. ಹತ್ತು ಎಣಿಸಿ ಬಿಟ್ಟೆ. ಹ್ಯಾಂಡಲ್ ಸ್ವಲ್ಪ ಅಲ್ಲಾಡುವಷ್ಟು ಸಾಕು ಎಂಬುದು ನನ್ನ ಲೆಕ್ಕ. ವಾಲ್ವಿನ ಮೇಲೆ ಮುಚ್ಚಳ ಇರಲಿಲ್ಲ, ಟೈರೂ ಆಗಲೇ ಮೆತ್ತಗಿತ್ತು. ಆ ಹೊತ್ತಿನಲ್ಲಿ ಅದೇನೂ ನನ್ನ ತಲೆಗೆ ಹೋಗಲಿಲ್ಲ.

ಭಾನುವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ, ಪೇಪರ್ ತರುವ ನೆಪದಲ್ಲಿ ಕೆಳಗಿಳಿದೆ. ದ್ವಾರಕಾನಾಥರು ಇಸ್ತ್ರಿ ಅಂಗಿ ಹಾಕಿಕೊಂಡು ಬೈಕ್ ಒರೆಸುತ್ತಿದ್ದರು. ಅನುಸೂಯಮ್ಮ ನಡಾವಳಿ ಪುಸ್ತಕ ಹಿಡಿದು ಬಂದರು, ರದ್ದಿಗೆ ಹಾಕಲಂತೆ. ರದ್ದಿಗೆ ಹಾಕುವಾಗ ಉಪ್ಪಿಟ್ಟಿನ ಡಬ್ಬಿ ಯಾಕೆ ಬೇಕೆಂದು ನಾನು ಕೇಳಲಿಲ್ಲ. ಚಿಕ್ಕಬೈರಪ್ಪ ರಸ್ತೆ ದಾಟಿ, ಫ್ಲಾಸ್ಕು ಸಮೇತ, ಸುಮ್ಮನೆ ಬಂದೆ ಎಂದು ಬಂದ.

ಬೈಕಿನ ಮುಂದಿನ ಟೈರು ನೆಲಕ್ಕೆ ಅಂಟಿಕೊಂಡಿತ್ತು. ಹ್ಯಾಂಡಲ್ ಅಲ್ಲಾಡುವ ಪ್ರಶ್ನೆಯೇ ಇರಲಿಲ್ಲ, ಬೈಕೇ ಅಲ್ಲಾಡುವಂತಿರಲಿಲ್ಲ.

ಚಿಕ್ಕಬೈರಪ್ಪ ಪಂಪು ತಂದು ಸ್ವಲ್ಪ ಗಾಳಿ ಹಾಕಿದ. ಚಕ್ರವನ್ನು ಮೆಲ್ಲಗೆ ತಿರುಗಿಸಿ ಮೊಳೆ ಹುಡುಕಿದ. ವಾಲ್ವಿನ ಬಾಯಿಗೆ ಉಗುಳು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿದ. ಆಮೇಲೆ ಹಾಗೇ ಕುಕ್ಕರಗಾಲಲ್ಲಿ ಕೂತು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡತೊಡಗಿದ. ದ್ವಾರಕಾನಾಥರ ಬಲಗೈ ಹೆಬ್ಬೆರಳು ಕಪ್ಪಾಗಿತ್ತು. ಅದನ್ನು ಅವರು ಬೆನ್ನ ಹಿಂದೆ ಇಟ್ಟುಕೊಂಡರು. ನನ್ನ ಪ್ಯಾಂಟಿನ ಮೊಣಕಾಲಿನಲ್ಲಿ ನಿನ್ನೆಯ ಧೂಳು ಇನ್ನೂ ಇತ್ತು. ಅನುಸೂಯಮ್ಮ ಗಡಿಬಿಡಿಯಲ್ಲಿ ಕನ್ನಡಕದ ಡಬ್ಬಿ ತೆರೆದರು. ಒಳಗಿಂದ ಒಂದು ಪುಟ್ಟ ಕಪ್ಪು ಮುಚ್ಚಳ ನೆಲಕ್ಕೆ ಬಿದ್ದು, ಉರುಳಿಕೊಂಡು ಚಿಕ್ಕಬೈರಪ್ಪನ ಕಾಲ ಹತ್ತಿರ ನಿಂತಿತು. ಅದು ಆ ವಾಲ್ವಿನ ಮುಚ್ಚಳ.

ಚಿಕ್ಕಬೈರಪ್ಪ ಅದನ್ನು ಎತ್ತಿಕೊಂಡು, ಉಫ್ ಎಂದು ಊದಿ, ಅನುಸೂಯಮ್ಮನ ಕೈಗೇ ಕೊಟ್ಟ.

"ಮಡಿಕ್ಕೊಳಿ ಅಮ್ಮ, ಬೇಕಾಯ್ತದೆ."

"ಪಂಚರ್ರಾ?" ದ್ವಾರಕಾನಾಥರು ಕೆಮ್ಮಿ ಕೇಳಿದರು.

"ಪಂಚರಲ್ಲ ಸಾ. ಮೊಳೆ ಇಲ್ಲ, ವಾಲ್ವೂ ಸರಿಯಾಗೈತೆ."

"ಮತ್ತೆ ಗಾಳಿ ಎಲ್ಲಿ ಹೋಯ್ತು?"

"ಇಂಗೇ ಅಂತ ಈಗ್ಲೇ ಏಳಕ್ಕಾಗಲ್ಲ." ಆತ ಪಂಪಿನ ಪೈಪು ಸುತ್ತಿಡುತ್ತಾ ಹೇಳಿದ. "ಪ್ರತಿ ಭಾನ್ವಾರ ಒಂದ್ಸಲ ಕೂತು ನೋಡ್ಬೇಕು. ಟೈಮ್ ಇಡಿತದೆ."

ಅನುಸೂಯಮ್ಮ ರದ್ದಿಗೆಂದು ತಂದ ಪುಸ್ತಕದಲ್ಲಿ ಹೊಸ ಹಾಳೆ ತಿರುಗಿಸಿದರು. ನಾನು ಕುರ್ಚಿ ತರಲು ಹೋದೆ. ಪ್ರತಿಭಟನೆ ದಾಖಲಿಸುವುದು ಆ ದಿನ ಮರೆತೇ ಹೋಯಿತು.

ಸಂಜೆ ಏಳಕ್ಕೆ ಲಕ್ಷ್ಮವ್ವ ಫೋನ್ ಮಾಡಿದಳು.

"ಏನ್ ತಿಂದ್ರಿ ಇವತ್ತ?"

"ಉಪ್ಪಿಟ್ಟು."

"ಅಂದ್ರ ಮತ್ತ ಶುರು ಆತೇನು ನಿಮ್ಮ ಮೀಟಿಂಗು?"

ನಡೆದದ್ದನ್ನು, ಒಂದು ಭಾಗ ಬಿಟ್ಟು, ಹೇಳಿದೆ. ಅವಳ ಹಿಂದೆ ಮೊಮ್ಮಗು ಅಳುತ್ತಿತ್ತು, ಯಾರೋ ರಮಿಸುತ್ತಿದ್ದರು.

"ಗಾಳಿ ನೀವ ತಗದೀರಿ, ಹೌದಿಲ್ಲೋ?"

"ನಾ ಒಬ್ಬನ ಅಲ್ಲ, ಮೂರೂ ಮಂದಿ ತಗದೇವಿ" ಎಂದೆ.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ನಾ ಬರೂದು ಇನ್ನ ಎರಡ್ ತಿಂಗಳು ಆಗತೈತಿ" ಎಂದಳು. "ಅಲ್ಲೀತನಕಾ ಆ ಟೈರಿಗೆ ಪೂರಾ ಗಾಳಿ ತುಂಬಾಕ ಬಿಡಬ್ಯಾಡ್ರಿ."